ಹದಿನೇಳು ತವರಿನ ಹೆಸರು

ಹನ್ನೊಂದನೆಯ ಕಂತು

ಮೊದಲೇ ಒಂದು ಮಾತು. ಹೆಣ್ಣುಮಕ್ಕಳು ನಂಬಿ ಹೇಳಿದ ಹೆಸರುಗಳನ್ನು ಹೀಗೆ ನಾಲ್ಕು ಜನರೆದುರು ತೆಗೆಯುವುದು ಸರಿಯೋ ತಪ್ಪೋ ಇವತ್ತಿಗೂ ಖಾತ್ರಿಯಿಲ್ಲ. ಆ ಹೆಸರುಗಳು ಒಮ್ಮೆ ಕೈತಪ್ಪಿ ಹೋದದ್ದರಿಂದಲೇ ಇಷ್ಟೆಲ್ಲ ಆಯಿತು. ಆದರೂ ಅವನ್ನು ಮುಚ್ಚಿಟ್ಟರೆ ಈ ಕಥೆ ಮುಂದೆ ಹೋಗುವುದಿಲ್ಲ. ಓದುವವರೂ ಆ ಹದಿನೇಳು ಮಂದಿಯೂ ಹೊಟ್ಟೆಗೆ ಹಾಕಿಕೊಳ್ಳಬೇಕು.

"ಇದು ತಪ್ಪೈತ್ರಿ ಅಕ್ಕಾರ."

ವಿಜಯಲಕ್ಷ್ಮಿಯ ಬೆರಳು ಹನ್ನೆರಡನೇ ಕಾಗದದ ನಡುಸಾಲಿನ ಮೇಲೆ ನಿಂತಿತ್ತು.

"ದುರ್ಗವ್ವ ಅಂದ್ರ ನಮ್ಮ ರಾಜೇಶ್ವರಿ. ಇಲ್ಲಿ ನೋಡಿದ್ರ ಭಾಗ್ಯಶ್ರೀ ಮುಂದ ಬರದಾರ. ಯಲ್ಲವ್ವನ್ನ ಒಯ್ದು ರಾಜೇಶ್ವರಿ ಮುಂದ ಹಾಕ್ಯಾರ. ಅಣ್ಣತಮ್ಮರ ಹೆಂಡ್ರು ಇಬ್ಬರೂ, ಒಂದ ಹಂದರದಾಗ ಲಗ್ನ ಆದವ್ರು. ಅವರನ್ನ ಅದಲಿ ಬದಲಿ ಮಾಡ್ಯಾರ ನೋಡ್ರಿ, ಹಾಳಾದವ್ರು."

ಚೈತ್ರ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬಿಟಿಎಂ ಎರಡನೇ ಹಂತದ ಸರ್ಕಾರಿ ಶಾಲೆಯ ಜಗಲಿ. ಮಧ್ಯಾಹ್ನ ಮೂರೂವರೆ. ಒಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಬೂತ್ ಅಧಿಕಾರಿಯ ಕೆಲಸವನ್ನೂ ಹೊತ್ತಿದ್ದ ಚನ್ನವೀರ ಮೇಷ್ಟ್ರು ಹದಿನೇಳು ಕಾಗದಗಳನ್ನು ಬೆಂಚಿನ ಮೇಲಿಟ್ಟು, "ಹತ್ತು ನಿಮಿಷ. ಫೋಟೋ ತೆಗೀಬೇಡಿ. ನನ್ನ ನೌಕರಿ ಇದೆ," ಎಂದು ಹೇಳಿ ತರಗತಿಗೆ ಹೋಗಿದ್ದರು.

ಹದಿನೇಳೂ ಆಕ್ಷೇಪಣೆಯ ಅರ್ಜಿಗಳು. ಹದಿನೇಳರಲ್ಲೂ ಒಂದೇ ಮಾತು: ಮತದಾರರ ಪಟ್ಟಿಯಲ್ಲಿರುವ ಈ ಹೆಂಗಸು ಈ ವಿಳಾಸದಲ್ಲಿ ವಾಸವಿಲ್ಲ, ಪಟ್ಟಿಯ ಹೆಸರು ಅವಳ ನಿಜವಾದ ಹೆಸರಲ್ಲ, ನಿಜವಾದ ಹೆಸರು ಇಂಥದ್ದು, ಆದ್ದರಿಂದ ತೆಗೆದುಹಾಕಬೇಕು.

ಆ ನಿಜವಾದ ಹೆಸರೇ ಚೈತ್ರಳನ್ನು ಕಾಡುತ್ತಿದ್ದದ್ದು.

ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರಿಡುತ್ತಾರೆ. ಗೊತ್ತುಮಾಡಿದ ಹೆಸರು ಲಗ್ನಪತ್ರಿಕೆಯಲ್ಲೇ ತವರಿನ ಹೆಸರಿನ ಪಕ್ಕ ಅಚ್ಚಾಗಿರುತ್ತದೆ. ತಟ್ಟೆಯ ಅಕ್ಕಿಯಲ್ಲಿ ಗಂಡ ಉಂಗುರದಿಂದ ಬರೆಯುತ್ತಾನೆ, ಹಿರಿಯರು ಅಕ್ಷತೆ ಹಾಕುತ್ತಾರೆ. ಅವತ್ತಿಗೆ ತವರಿನ ಹೆಸರು ತವರಿನಲ್ಲೇ ಉಳಿಯಿತು. ಲಕ್ಕವ್ವ ಎಂಬ ಹುಡುಗಿ ವಿಜಯಲಕ್ಷ್ಮಿಯಾಗಿ ಬೆಂಗಳೂರಿಗೆ ಬಂದದ್ದು ಹಾಗೆ. ಶಾಲೆಯ ದಾಖಲೆಯಲ್ಲಿ ಲಕ್ಕವ್ವ, ವೋಟಿನ ಕಾರ್ಡಿನಲ್ಲಿ ವಿಜಯಲಕ್ಷ್ಮಿ. ಹದಿನೆಂಟು ವರ್ಷ ಯಾರೂ ಕೇಳಲಿಲ್ಲ.

ಈಗ ಪಟ್ಟಿಯ ಪರಿಷ್ಕರಣೆ. ಹಳೆಯ ದಾಖಲೆಗೂ ಹೊಸ ದಾಖಲೆಗೂ ಹೆಸರು ತಾಳೆಯಾಗಬೇಕು. ವಿಜಯಲಕ್ಷ್ಮಿಯ ವಠಾರದ ಗಂಡಸರೆಲ್ಲ ಒಂದು ಕಾಗದ ತೋರಿಸಿ ಒಂದೇ ದಿನದಲ್ಲಿ ಪಾರಾದರು. ಹುಟ್ಟಿದ ಹೆಸರಲ್ಲೇ ಸಾಯುವವರಿಗೆ ಏನು ತೊಂದರೆ? ಹೆಂಗಸರಿಗೆ ನೋಟಿಸು ಬಂತು. ನಾಳೆ ಬೆಳಿಗ್ಗೆ ಹತ್ತೂವರೆಗೆ ವಿಚಾರಣೆ.

"ನಾವು ಸುಳ್ಳ ಹೆಸರಿನವ್ರಂತ," ಎಂದಳು ವಿಜಯಲಕ್ಷ್ಮಿ. "ರೇಷನ್ ಕಾರ್ಡು ಅತ್ತಿ ಹೆಸರಲೆ, ಬಾಡಿಗಿ ಮನಿ ಗಂಡ ಗುರುಸಿದ್ದನ ಹೆಸರಲೆ. ನನ್ನ ಹೆಸರ ನನಗಂತ ಇರೂದು ಈ ಕಾರ್ಡಿನಾಗ ಒಂದ. ಹೋದ ಸಲ ವೋಟ್ ಕೇಳಿದವರ ಮುಂದ ನಾವು ಹದಿನೇಳು ಮಂದಿ ಕೂಡಿ ಹೋಗಿ ನಿಂತದ್ದಕ್ಕ ಓಣಿಗೆ ಕಾವೇರಿ ನೀರು ಬಂತು. ಆಗ ಯಾರೂ ನಿಜವಾದ ಹೆಸರ ಯಾವುದಂತ ಕೇಳಲಿಲ್ಲ."

"ವಿಜಯಲಕ್ಷ್ಮಿ, ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನಿಮ್ಮ ತವರಿನ ಹೆಸರು ಬೆಂಗಳೂರಲ್ಲಿ ಯಾರಿಗೆ ಗೊತ್ತು?"

"ನಿಮಗ ಒಬ್ಬರಿಗೆ ಹೇಳಿದ್ದೆರಿ," ಎಂದಳು ಅವಳು, ತಡಮಾಡದೆ.

ಆ ಮಾತಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅದೇ ಚೈತ್ರಳಿಗೆ ಹೆಚ್ಚು ಚುಚ್ಚಿತು.

ಚೈತ್ರಳ ಕೆಲಸವೇ ಜನರ ಬಗ್ಗೆ ವಿಚಾರಿಸುವುದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಧುಮತಿಯವರ ಪತ್ತೇದಾರಿ ಕಚೇರಿ. ಮದುವೆಗೆ ಮುಂಚೆ ವರನ ನಡತೆ, ಸಂಬಳ, ಸಾಲ, ಸಹವಾಸ ತಿಳಿದುಕೊಡುವುದು ಅವರ ವ್ಯಾಪಾರ. ಹಾಗೊಬ್ಬ ವರನ ಬೆನ್ನು ಹತ್ತಿ ಬಿಟಿಎಂನ ಪಿಜಿಯೊಂದಕ್ಕೆ ಬಂದಾಗ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ವಿಜಯಲಕ್ಷ್ಮಿಯ ಪರಿಚಯವಾಗಿತ್ತು. ಆ ಹುಡುಗನ ಮದುವೆ ತಪ್ಪಿತು, ಇವರಿಬ್ಬರ ಸ್ನೇಹ ಉಳಿಯಿತು.

ಆರು ವಾರದ ಹಿಂದೆ, ಒಂದು ಶುಕ್ರವಾರ ಸಂಜೆ, ವಿಜಯಲಕ್ಷ್ಮಿಯ ಮನೆಯ ನಡುಮನೆಯಲ್ಲಿ ಕೂತು ಚೈತ್ರ ಹದಿನೇಳು ಮಂದಿಯ ಎರಡೆರಡು ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅಫಿಡವಿಟ್ ಮಾಡಿಸಿಕೊಡುವ ಯೋಚನೆ. ಕೈ ಬೇಗ ಓಡಿತ್ತು. ಸೋಮವಾರ ಲಗ್ನಪತ್ರಿಕೆಗಳ ಜೊತೆ ತಾಳೆ ನೋಡಿದಾಗ ಎರಡು ಸಾಲು ಅದಲುಬದಲಾಗಿರುವುದು ಕಂಡಿತು: ದುರ್ಗವ್ವ, ಯಲ್ಲವ್ವ. ಹೊಡೆದು ತಿದ್ದಿದಳು. ಯಾರಿಗೂ ಹೇಳುವ ಅಗತ್ಯ ಕಾಣಲಿಲ್ಲ.

ಆ ತಪ್ಪು ಈ ಭೂಮಿಯ ಮೇಲೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ, ಅವಳ ಪುಸ್ತಕದಲ್ಲಿ ಮಾತ್ರ ಇತ್ತು.

ಯಾರೋ ಆ ಮೂರು ದಿನದೊಳಗೆ ಅದನ್ನು ನಕಲು ಮಾಡಿಕೊಂಡಿದ್ದರು.

ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ವಿಜಯಲಕ್ಷ್ಮಿಯ ಮುಖ ನೋಡಿದಳು. "ಯಾರೋ ಗಮನ ಕೊಡ್ದೆ ಬರ್ದಿದ್ದಾರೆ," ಎಂದಷ್ಟೇ ಹೇಳಿ ಕಾಗದ ಮಗುಚಿದಳು. ಇದು ತಾನು ಮಾಡುತ್ತಿರುವ ಎರಡನೇ ತಪ್ಪು ಎಂದು ಅವಳಿಗೆ ಆ ಕ್ಷಣವೇ ಗೊತ್ತಿತ್ತು.

ಅರ್ಜಿಗಳ ಕೆಳಗೆ ಸಹಿಯಿತ್ತು. ಹದಿನೇಳೂ ಒಬ್ಬರದೇ. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹರಿದಿದ್ದವು.

ಗೌರಮ್ಮ, ಬೈರಣ್ಣನವರ ಹೆಂಡತಿ. ಆ ವಠಾರದ ಮಾಲೀಕರು.

ತರಗತಿಯಿಂದ ಮರಳಿದ ಚನ್ನವೀರ ಮೇಷ್ಟ್ರು ಕಾಗದ ಎತ್ತಿಕೊಳ್ಳುತ್ತ ದನಿ ತಗ್ಗಿಸಿದರು. "ನೋಡಮ್ಮ, ಆಕ್ಷೇಪಣೆ ಕೊಟ್ಟೋರೇ ನಾಳೆ ಖುದ್ದಾಗಿ ಬಂದು, 'ಇದು ನಾನು ಕೊಟ್ಟಿದ್ದಲ್ಲ' ಅಂತ ಹೇಳಿಬಿಟ್ರೆ ಹದಿನೇಳೂ ಅಲ್ಲೇ ಬಿದ್ದುಹೋಗುತ್ವೆ. ಅದರ ಜೊತೆಗೆ ಲಗ್ನಪತ್ರಿಕೆ ಅಸಲು ತನ್ನಿ. ಎರಡೂ ಹೆಸರು ಒಟ್ಟಿಗೆ ಇರೋ ಕಾಗದ ಅದೊಂದೇ ಅಲ್ವಾ? ಜೆರಾಕ್ಸ್ ಬೇಡ."

"ಪತ್ರಿಕೆ ಎಲ್ಲಾ ಭದ್ರವಾಗಿವೆ ಸಾರ್," ಎಂದಳು ಚೈತ್ರ. ಹದಿನೇಳನ್ನೂ ಅವಳೇ ಕೈಯಾರೆ ಕಚೇರಿಯ ಬೀರುವಿನಲ್ಲಿ ಇಟ್ಟಿದ್ದಳು.

*

ವಠಾರಕ್ಕೆ ಹತ್ತು ನಿಮಿಷದ ದಾರಿ. ನಡೆಯುತ್ತಲೇ ಚೈತ್ರ ಲೆಕ್ಕ ಹಾಕಿದಳು. ಆ ಮೂರು ದಿನ ಪುಸ್ತಕ ಎಲ್ಲೆಲ್ಲಿತ್ತು? ಶುಕ್ರವಾರ ರಾತ್ರಿ ಯಡಿಯೂರಿನ ತನ್ನ ಬಾಡಿಗೆ ಕೋಣೆಯಲ್ಲಿ, ದಿಂಬಿನ ಪಕ್ಕ. ಶನಿವಾರ ಬೆಳಿಗ್ಗೆ ಈ ವಠಾರದ ಗೇಟಿನಲ್ಲಿ ಗೌರಮ್ಮನ ಮಗ ನಂದಕುಮಾರ್ ಅದನ್ನು ಇಸಿದುಕೊಂಡು ಅರ್ಧ ಗಂಟೆ ಇಟ್ಟುಕೊಂಡಿದ್ದ. ಆಮೇಲೆ ಸೋಮವಾರದವರೆಗೆ ಕಚೇರಿಯ ಮೇಜಿನ ಡ್ರಾಯರಿನಲ್ಲಿ.

ನಂದಕುಮಾರ್. ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಫೋನ್ ಅದುರಿತು. ಮಧುಮತಿ ಮೇಡಂ.

"ಊಟ ಮಾಡಿದ್ಯೇನೇ?"

"ಆಯ್ತು ಮೇಡಂ."

"ಸುಳ್ಳು. ನಿನ್ನ ದನಿ ಕೇಳಿದ್ರೇ ಗೊತ್ತಾಗುತ್ತೆ. ಆ ಹೆಂಗಸರ ಕೆಲಸ ಮಾಡು, ಬೇಡ ಅನ್ನಲ್ಲ. ಆದ್ರೆ ಹೊಟ್ಟೆಗೆ ಏನಾದ್ರೂ ಹಾಕ್ಕೋ. ಬಿಸಿಲಲ್ಲಿ ಬಿದ್ದುಗಿದ್ದೀಯ."

ಚೈತ್ರಳಿಗೆ ಎಂಥದೋ ಧೈರ್ಯ ಬಂತು. ಗಂಡ ತೀರಿಕೊಂಡ ಈ ನಾಲ್ಕು ವರ್ಷದಲ್ಲಿ ಊಟ ಆಯಿತೇ ಎಂದು ಕೇಳುವ ಫೋನು ಇದೊಂದೇ. ಹೋದ ಶುಕ್ರವಾರ ಕಚೇರಿಯ ಪೂಜೆಯಲ್ಲಿ ಎಲ್ಲ ಹೆಂಗಸರಿಗೂ ಅರಿಶಿನ ಕುಂಕುಮ ಕೊಡುವಾಗ ಅವಳು ಎಂದಿನಂತೆ ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗಿದ್ದಳು. ಮಧುಮತಿ ಕೈ ಹಿಡಿದು ಒಳಗೆ ಕರೆತಂದು, ಹಣೆಗೆ ಕುಂಕುಮವಿಟ್ಟು, ತಾಂಬೂಲದ ಜೊತೆ ಒಂದು ರವಿಕೆ ಕಣ ಮಡಿಲಿಗೆ ಹಾಕಿದ್ದರು. "ಯಾರೇನಂದ್ರೂ ನಾನಿದ್ದೀನಿ," ಎಂದಿದ್ದರು.

ಗಿಳಿಹಸಿರು ಬಟ್ಟೆ, ಕೆಂಪು ಅಂಚು. ಹೊಲಿಸಲು ಮನಸ್ಸು ಬಂದಿರಲಿಲ್ಲ. ಮಡಿಕೆಯನ್ನೂ ಪೂರ್ತಿ ಬಿಚ್ಚಿರಲಿಲ್ಲ. ಹದಿನೇಳು ಹೆಸರಿನ ಪುಸ್ತಕಕ್ಕೆ ಅದನ್ನೇ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದಳು, ಎರಡೂ ಜೋಪಾನವಾಗಿರಲಿ ಎಂದು.

ಗೇಟಿನಲ್ಲಿ ನಂದಕುಮಾರ್ ಬೈಕು ತೊಳೆಯುತ್ತಿದ್ದ.

"ಏನ್ ಮೇಡಂ, ಪತ್ತೇದಾರಿಕೆ ಸಖತ್ ಜೋರಾ?"

"ನಿಮ್ ತಾಯೀನ ನೋಡ್ಬೇಕಿತ್ತು."

"ಕಣ್ಣಿನ ಆಪರೇಷನ್ ಆಗಿದೆ. ಜನ ಸೇರಿಸ್ಬೇಡಿ ಅಂದಿದ್ದಾರೆ ಡಾಕ್ಟ್ರು."

"ಆ ಶನಿವಾರ ನನ್ ಪುಸ್ತಕ ಇಸ್ಕೊಂಡ್ರಲ್ಲ, ಅದ್ರ ಫೋಟೋ ತೆಗೆದ್ರಾ ನಂದಕುಮಾರ್?"

ಅವನು ಪೈಪು ಕೆಳಗೆ ಬಿಟ್ಟ. ನೀರು ಇಬ್ಬರ ಕಾಲಿನ ನಡುವೆ ಹರಿಯಿತು.

"ಓ, ಅದಾ? ನಮ್ ಹನ್ನೊಂದು ಮನೇಲಿ ಎಷ್ಟು ಜನ ತುಂಬ್ಕೊಂಡಿದ್ದಾರೆ ಅಂತ ಎಣಿಸ್ದೆ. ಹೆಂಗಸ್ರೇ ಹದಿನೇಳು. ಬೋರ್‌ವೆಲ್ ಯಾಕ್ ಒಣಗ್ತಿದೆ ಅಂತ ಅವತ್ತು ಗೊತ್ತಾಯ್ತು."

"ವಠಾರ ಖಾಲಿ ಮಾಡ್ಸಿ ಪಿಜಿ ಕಟ್ಟಿಸ್ಬೇಕು ಅಂತ ಇದ್ದೀರಂತೆ."

"ಇದ್ದೀನಿ. ಗುಟ್ಟೇನಿಲ್ಲ, ರೋಡಿಗೆಲ್ಲ ಗೊತ್ತು. ಖಾಲಿ ಮಾಡ್ಸೋದಾದ್ರೆ ಬೆಳಿಗ್ಗೆ ಮೋಟರ್ ಆಫ್ ಮಾಡ್ತೀನಿ. ಮೂರೇ ದಿನ, ಗಂಟುಮೂಟೆ ಕಟ್ತಾರೆ. ವೋಟ್ ಕಿತ್ರೆ ಮನೆ ಖಾಲಿಯಾಗುತ್ತಾ ಹೇಳಿ?"

"ನಂದಣ್ಣ, ಮೋಟರ್ ಬಂದ್ ಮಾಡಿದ್ರ ಅವತ್ತ ನಿಮ್ಮ ಮನಿಗೆ ರೊಟ್ಟಿನೂ ಬಂದ್ ನೋಡ್ರಿ," ಎಂದಳು ವಿಜಯಲಕ್ಷ್ಮಿ.

"ಅಯ್ಯೋ, ಅದಕ್ಕೇ ಕಣಕ್ಕ ಇನ್ನೂ ಆಫ್ ಮಾಡಿಲ್ಲ."

ಅವನು ನಗುತ್ತಲೇ ದಾರಿ ಬಿಟ್ಟ. ಮೆಟ್ಟಿಲು ಹತ್ತುವಾಗ ಚೈತ್ರಳಿಗೆ ನಿರಾಸೆಯಾಯಿತು. ಅವನ ಮಾತಿನಲ್ಲಿ ಸೊಕ್ಕಿತ್ತು, ಆದರೆ ಲೆಕ್ಕ ಸರಿಯಿತ್ತು. ವೋಟು ತೆಗೆಸಿದರೆ ಅವನಿಗೆ ಬರುವುದೇನು? ಹಾಗಂತ ಅವನು ಫೋಟೋ ತೆಗೆಯಲಿಲ್ಲ ಎಂದೂ ಹೇಳಲಿಲ್ಲ.

*

ಮಹಡಿಯ ಹಜಾರದಲ್ಲಿ ಗೌರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದರು. ಮುಂದೆ ಮೊರದಲ್ಲಿ ಕಾಕಡ ಮೊಗ್ಗು, ಪಕ್ಕದ ಬಟ್ಟಲಿನಲ್ಲಿ ನೆನೆಹಾಕಿದ ಬಾಳೆನಾರು. ಕಣ್ಣು ಎತ್ತಲೋ ಇತ್ತು. ಕೈ ತನ್ನ ಪಾಡಿಗೆ ಹೂವು ಕಟ್ಟುತ್ತಿತ್ತು.

"ಬನ್ನಿ ಬನ್ನಿ," ಎಂದರು ಕುರ್ಚಿಯಲ್ಲಿದ್ದ ಬೈರಣ್ಣ. "ಒಂದು ತಿಂಗ್ಳಿಂದ ಕನ್ನಡಕ ಹಾಕ್ಕಂಡು ಸಿನ್ಮಾ ಹೀರೋ ಆಗೋಗವ್ಳೆ. ನಮ್ಮ ಕೈಗೆ ಕಾಫಿಗೂ ಸಿಗಾಕಿಲ್ಲ."

"ನೀನ್ ಸುಮ್ಕಿರು. ಯಾರವ್ವ, ವಿಜೀನಾ? ಜೊತೇಲಿ ಯಾರು?"

"ನಮ್ಮ ಅಕ್ಕಾರ್ರೀ ಅಮ್ಮಾರ. ವೋಟಿನ ಕಾಗದದ್ದು ನೋಡಾಕತ್ತಾರ."

"ಕೂತ್ಕೊಳ್ಳಿ."

ಚೈತ್ರ ಎದುರಿಗೆ ಕೂತಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ವರನ ಕಡೆಯವರನ್ನು ಮಾತಾಡಿಸುವಾಗ ಅವಳು ಸುತ್ತುಬಳಸಿ ಹೋಗುತ್ತಿದ್ದಳು. ಇವತ್ತು ಸುತ್ತುವಷ್ಟು ಹೊತ್ತಿರಲಿಲ್ಲ.

"ಅಮ್ಮ, ಹದಿನೇಳು ಕಾಗದದ ಮೇಲೆ ನಿಮ್ಮ ಸಹಿ ಇದೆ. ಅದು ನಿಮ್ದೇನಾ?"

"ನಂದೇ." ಗೌರಮ್ಮ ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ. "ಒಂದಾ ಎರಡಾ, ಹದಿನೇಳು. ಕೈ ನೋವ್ ಬಂತು ಕಣವ್ವ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಇಬ್ಬರೂ ಎಣಿಸಿರಲಿಲ್ಲ.

"ಏನಂತ ಹಾಕಿದ್ರಿ?"

"ಇನ್ನೇನು? ಈ ಹೆಣ್ಮಕ್ಳು ನಮ್ಮ ವಠಾರ್ದಲ್ಲೇ ಬಾಡ್ಗೆಗವ್ರೆ ಅಂತ. ಇವ್ರಿಗೆ ನಾವೇನ್ ಅಗ್ರಿಮೆಂಟು ಮಾಡಿದ್ದೀವಾ? ಗ್ಯಾಸಿಗೆ ಓನರ್ ಸಹಿ ಅಂತಾರೆ, ಹಾಕ್ತೀನಿ. ಇಸ್ಕೂಲಿಗೆ ಅಂತಾರೆ, ಹಾಕ್ತೀನಿ. ಇದು ವೋಟಿಗೆ ಅಂದ್ರು, ಹಾಕ್ದೆ."

"ಅಮ್ಮಾರ," ಎಂದಳು ವಿಜಯಲಕ್ಷ್ಮಿ. "ಅದರಾಗ ನಾವು ಇಲ್ಲಿ ಇಲ್ಲಂತ ಬರದೈತ್ರಿ. ನಮ್ಮ ವೋಟ್ ತಗೀರಿ ಅಂತ ನೀವ ಬರಕೊಟ್ಟಂಗೈತ್ರಿ."

ಗೌರಮ್ಮನ ಬೆರಳು ನಿಂತಿತು.

"ಏನಂದೆ?"

"ನಾವು ಇಲ್ಲಂತರೀ."

"ದಿನಾ ಬೆಳಿಗ್ಗೆ ನೀರಿಗೆ ನನ್ ತಲೆ ತಿನ್ನೋರ್ನ ಇಲ್ಲ ಅಂತ ನಾನ್ ಬರ್ಕೊಟ್ನಾ?" ಕಟ್ಟಿದ ಹೂವು ಮೊರಕ್ಕೆ ಬಿತ್ತು. "ಇವ್ರೇ, ಕೇಳಿಸ್ಕಂಡ್ರಾ? ಇವಳ ಮಗಳು ಹುಟ್ಟಿದ್ದು ನಮ್ಮ ಕಾರಲ್ಲಿ, ಆಸ್ಪತ್ರೆಗೆ ಹೋಗೋ ದಾರೀಲಿ. ನಾನ್ ಇಲ್ಲ ಅನ್ತೀನಾ?"

ಬೈರಣ್ಣ ಕುರ್ಚಿಯಿಂದ ಮುಂದೆ ಬಾಗಿದರು. ಅವರ ಬಾಯಿಂದ ತಮಾಷೆ ಬರಲಿಲ್ಲ.

"ಓದ್ಲಿಲ್ವಾ ಅಮ್ಮ?" ಎಂದು ಕೇಳಿದಳು ಚೈತ್ರ.

"ಆಗ ಬಲಗಣ್ಣು ಕುಯ್ಸಿ ನಾಲ್ಕನೇ ದಿನ. ಈಗ ಎಡಗಣ್ಣು. ಆ ಕಣ್ಣಿಗೆ ಎಲ್ಲಾ ಹೊಗೆ. ಬೆರಳಿಟ್ಟು ತೋರಿಸಿದ್ಲು, ಅಲ್ಲಲ್ಲೇ ಹಾಕ್ದೆ."

"ಯಾರು? ಯಾರು ತೋರಿಸಿದ್ದು?"

"ಒಬ್ಬಳು ಹೆಂಗಸು. ಮೂಗಿಗೆ ಮಾಸ್ಕ್ ಹಾಕಿದ್ಲು, ನೆಗಡಿ ಅಂದ್ಲು, ದನೀನೂ ಕಟ್ಟಿತ್ತು. ಒಳ್ಳೆ ಮಾತು, ಮೆತ್ತಗೆ. ಈ ಹೆಣ್ಮಕ್ಳ ಪರವಾಗಿ ಬಂದಿದ್ದೀನಿ ಅಂದ್ಲು."

"ನಂದಕುಮಾರ್ ಇದ್ರಾ ಅವತ್ತು?"

"ನನ್ ಮಗನ್ ಮೇಲೆ ಕಣ್ಣಾ ನಿಂಗೆ?" ಗೌರಮ್ಮ ಕನ್ನಡಕವನ್ನು ಸರಿಯಾಗಿ ಅವಳ ಕಡೆಗೆ ತಿರುಗಿಸಿದರು. "ಅವನು ಅವಸರದೋನು, ಬಾಯಿ ಜಾಸ್ತಿ. ಕಳ್ಳ ಅಲ್ಲ. ಅವತ್ತು ಇವರ ಜೊತೆ ಹೊಸಕೆರೆಹಳ್ಳಿಗೆ ಹೋಗಿದ್ದ, ನಮ್ಮ ಗುಂಡಣ್ಣನ ಮನೆ ಗೃಹಪ್ರವೇಶಕ್ಕೆ. ಮನೇಲಿ ನಾನೊಬ್ಬಳೇ."

ಬೈರಣ್ಣ ಹೌದೆಂದು ತಲೆಯಾಡಿಸಿದರು.

ಮನೆಯಲ್ಲಿ ಯಾರೂ ಇಲ್ಲದ ದಿನವನ್ನೇ ಆ ಹೆಂಗಸು ಆರಿಸಿಕೊಂಡಿದ್ದಳು. ಗೌರಮ್ಮನ ಕಣ್ಣಿನ ಕಥೆಯೂ ಅವಳಿಗೆ ಮೊದಲೇ ಗೊತ್ತಿತ್ತು. ವಿಚಾರಿಸಿ, ಕಾದು, ಹೊತ್ತು ನೋಡಿ ಬರುವುದು. ಇದು ಚೈತ್ರಳಿಗೆ ಚೆನ್ನಾಗಿ ಗೊತ್ತಿದ್ದ ಕೆಲಸದ ರೀತಿ. ಅವಳೂ ಹಾಗೆಯೇ ಮಾಡುತ್ತಿದ್ದಳು.

"ಹೆಸರು ಕೇಳಿದ್ರಾ?"

"ಹೇಳಿದ್ಲು. ನಾಲ್ಗೆ ತುದೀಲದೆ, ಬರ್ತಾ ಇಲ್ಲ."

"ಕೂತ್ಕೊಂಡ್ಲಾ? ಏನಾದ್ರೂ ಕುಡಿದ್ಲಾ? ಚಿಕ್ಕದು ದೊಡ್ಡದು ಅಂತ ನೋಡ್ಬೇಡಿ ಅಮ್ಮ, ಎಲ್ಲಾ ಹೇಳಿ."

"ನೀರೂ ಮುಟ್ಲಿಲ್ಲ. ಮುತ್ತೈದೆ, ಬರೀ ಹಣೇಲಿ ಕಳಿಸ್ಬಾರ್ದು ಅಂತ ನಾನೇ ತಡೆದು ಕುಂಕುಮ ಇಟ್ಟೆ. ಒಂದು ರವಿಕೆ ಕಣಾನೂ ಕೊಟ್ಟೆ. ಒಲ್ಲೆ ಒಲ್ಲೆ ಅಂದ್ಲು. ಬಿಡ್ತೀನಾ?"

"ಇವಳು ಕೊಡೋ ಕಣಕ್ಕೆ ಗುರುತು ಬೇರೆ ಹಾಕ್ತಾಳೆ," ಎಂದರು ಬೈರಣ್ಣ, ತಡೆಯಲಾರದೆ.

"ಹಾಕ್ಬೇಕು ಮತ್ತೆ. ನಾನ್ ಕೊಟ್ಟ ಕಣ ಊರೆಲ್ಲಾ ಸುತ್ತಿ ಮೂರು ಸಲ ನನ್ ಮಡ್ಲಿಗೇ ವಾಪಸ್ ಬಂದದೆ. ಯಾರೂ ಹೊಲಿಸ್ಕೊಳ್ಳಲ್ಲ, ಹಂಗಂಗೇ ಇನ್ನೊಬ್ರಿಗೆ ದಾಟಿಸ್ತಾರೆ. ಪದ್ಮನಾಭನಗರದ ನಮ್ಮ ಬೀಗಿತ್ತಿ ನನ್ ಕಣಾನೇ ನಂಗ್ ಕೊಟ್ಟು, 'ಚಿಕ್ಕಪೇಟೆದು ಗೌರಮ್ಮನೋರೆ' ಅಂದ್ಲು. ಅವತ್ತಿಂದ ಒಳಮಡಿಕೆ ಮೂಲೆಗೆ ಹಳದಿ ದಾರದಲ್ಲಿ ಒಂದು ಹೊಲಿಗೆ ಹಾಕ್ತೀನಿ. ಮುಟ್ಟಿದ್ರೆ ಸಾಕು, ನಂಗ್ ತಿಳೀತದೆ."

ವಿಜಯಲಕ್ಷ್ಮಿ ಬೆಳಗಿನಿಂದ ಮೊದಲ ಸಲ ನಕ್ಕಳು. ಚೈತ್ರಳೂ ನಕ್ಕಳು. ಆ ನಗುವಿನಲ್ಲೇ ಧೈರ್ಯ ಮಾಡಿ ಕೇಳಿಬಿಟ್ಟಳು.

"ಅಮ್ಮ, ನಾಳೆ ಹತ್ತೂವರೆಗೆ ಬಂದು ಇಷ್ಟನ್ನೇ ಹೇಳ್ತೀರಾ? ಆಟೋ ನಾನು ತರ್ತೀನಿ."

"ಆಟೋ ಯಾಕೆ? ನಡ್ಕೊಂಡೇ ಬರ್ತೀನಿ. ನನ್ ಹೆಸರಿಟ್ಕೊಂಡು ನನ್ ಬಾಡ್ಗೆಯೋರ್ನ ಇಲ್ಲ ಅನ್ನಿಸ್ತಾರೆ ಅಂದ್ರೆ!" ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ಈಗ್ಲೇ ಬರ್ಕೋ. ನಾಳೆ ಗಂಟ ಜೀವಕ್ಕೇನ್ ಗ್ಯಾರಂಟಿ? ಬರ್ದು ಓದು, ಇವ್ರ ಮುಂದೆ ಸಹಿ ಹಾಕ್ತೀನಿ."

ವಿಜಯಲಕ್ಷ್ಮಿ ಎರಡೂ ಕೈ ಮುಗಿದು ಚಾಪೆಗೆ ಹಣೆ ಹಚ್ಚಿದಳು.

ಗೆದ್ದೆವು ಅನ್ನಿಸಿತು ಚೈತ್ರಳಿಗೆ. ಚೀಲದಿಂದ ಪುಸ್ತಕ ತೆಗೆದಳು. ಪೆನ್ನು ಹುಡುಕಬೇಕಿತ್ತು. ಸುತ್ತಿದ ಬಟ್ಟೆಯ ಸಮೇತ ಪುಸ್ತಕವನ್ನು ಒಂದು ಗಳಿಗೆ ಗೌರಮ್ಮನ ಕೈಗೆ ಕೊಟ್ಟಳು.

*

ಗೌರಮ್ಮನ ಹೆಬ್ಬೆರಳು ಬಟ್ಟೆಯ ಅಂಚಿನ ಮೇಲೆ ಹೋಯಿತು. ಹೂವು ಕಟ್ಟುವ ಅಭ್ಯಾಸದ ಕೈ, ಸುಮ್ಮನಿರದು. ಅಂಚು ಹಿಡಿದು ಮೂಲೆಗೆ ಬಂತು. ಮಡಿಕೆಯೊಳಗೆ ತೂರಿತು.

ಅಲ್ಲಿ ನಿಂತಿತು.

"ಇದೇನ್ ಬಣ್ಣ ವಿಜಿ?"

"ಹಸರ್ರೀ ಅಮ್ಮಾರ. ಕೆಂಪ ಅಂಚು."

ಗೌರಮ್ಮ ಮೂಲೆಯನ್ನು ಹೊರಗೆ ಮಗುಚಿ ಹಿಡಿದರು. ಒಣಗಿ ಕಂದಾಗಿದ್ದ ಒಂದು ಸಣ್ಣ ಗಂಟು. ದಾರವಲ್ಲ. ಬಾಳೆನಾರು.

"ಅವತ್ತು ಸೂಜಿ ಪೋಣ್ಸೋಕೆ ಕಣ್ ಕಾಣ್ತಿರ್ಲಿಲ್ಲ," ಎಂದರು ಅವರು ನಿಧಾನವಾಗಿ. "ಹೂವಿನ ನಾರೇ ಕೈಯಲ್ಲಿತ್ತು. ಮೂಲೆ ಹಿಂಡಿ ಒಂದು ಗಂಟು ಹಾಕ್ದೆ. ನನ್ ಜನ್ಮದಲ್ಲಿ ನಾರಲ್ಲಿ ಗಂಟು ಹಾಕಿದ್ದು ಅದೊಂದೇ ಕಣಕ್ಕೆ."

ಕೆಳಗೆ ನಂದಕುಮಾರ್ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ನಿನ್ ಹೆಸರೇನವ್ವ? ಬಂದಾಗಿಂದ ಹೇಳೇ ಇಲ್ಲ ನೀನು."

ಸುಳ್ಳು ಹೇಳಲು ಚೈತ್ರಳಿಗೆ ತೋಚಲಿಲ್ಲ. ತೋಚಿದ್ದರೂ ವಿಜಯಲಕ್ಷ್ಮಿ ಪಕ್ಕದಲ್ಲಿದ್ದಳು.

"ಚೈತ್ರ."

"ಅದೇ," ಎಂದರು ಗೌರಮ್ಮ. "ನಾಲ್ಗೆ ತುದೀಲಿದ್ದದ್ದು ಅದೇ ಹೆಸರು. ಚೈತ್ರ ಅಂತ್ಲೇ ಹೇಳಿದ್ಲು ಅವಳು."

"ಅಮ್ಮ, ಅದು ನಾನಲ್ಲ. ನಾನು ಈ ಮಹಡಿ ಹತ್ತಿದ್ದು ಇವತ್ತೇ ಮೊದಲು."

"ಹಂಗಾದ್ರೆ ಈ ಕಣ?"

"ಯಾರೋ ಕೊಟ್ಟಿದ್ದು."

"ಯಾರು?"

ಮಧುಮತಿ ಮೇಡಂ ಎಂದು ಹೇಳಿದರೆ? ಒಂದು ಬಟ್ಟೆಯ ಮೂಲೆ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಕಣ ಕೈಯಿಂದ ಕೈಗೆ ದಾಟುತ್ತದೆ ಎಂದು ಇದೇ ಗೌರಮ್ಮ ಈಗಷ್ಟೇ ಹೇಳಿದ್ದರು. ಊಟ ಆಯಿತೇ ಎಂದು ಕೇಳುವ ಒಂದೇ ಒಂದು ದನಿಯನ್ನು ಅಷ್ಟರ ಮೇಲೆ ಕಳ್ಳಿ ಎನ್ನುವುದೇ?

ಆದರೆ ಶನಿವಾರದಿಂದ ಸೋಮವಾರದವರೆಗೆ ಪುಸ್ತಕವಿದ್ದ ಡ್ರಾಯರು ಯಾರ ಕಚೇರಿಯದು?

ಗೌರಮ್ಮ ಬಟ್ಟೆ ಬಿಚ್ಚಿ ಪುಸ್ತಕವನ್ನು ವಿಜಯಲಕ್ಷ್ಮಿಯ ಕಡೆಗೆ ನೂಕಿದರು. "ಏನದೆ ನೋಡು ಅದ್ರಲ್ಲಿ."

ವಿಜಯಲಕ್ಷ್ಮಿ ಪುಟ ತೆರೆದಳು. ಏಳನೇ ತರಗತಿಯವರೆಗೆ ಓದಿದವಳು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾಳೆ. ಬೆರಳು ಹನ್ನೆರಡನೇ ಸಾಲಿಗೆ ಬಂತು. ಹದಿಮೂರಕ್ಕೆ ಇಳಿಯಿತು. ಮತ್ತೆ ಹನ್ನೆರಡಕ್ಕೆ ಹೋಯಿತು. ಹೊಡೆದುಹಾಕಿದ ಗೆರೆಯ ಕೆಳಗೆ ಹಳೆಯ ಬರಹ ಇನ್ನೂ ಸ್ಪಷ್ಟವಾಗಿತ್ತು: ಭಾಗ್ಯಶ್ರೀ, ತವರಿನ ಹೆಸರು ದುರ್ಗವ್ವ.

"ಅಕ್ಕಾರ." ಅವಳು ತಲೆಯೆತ್ತಿದಳು. "ಆ ತಪ್ಪ ಇಲ್ಲಿಂದ ಹೋಗೇತಿ."

"ವಿಜಯಲಕ್ಷ್ಮಿ, ಯಾರೋ ನನ್ನ ಪುಸ್ತಕ ನೋಡಿ ನಕಲು ಮಾಡಿದ್ದಾರೆ. ನಿಮಗೆ ಹೇಳ್ಬೇಕು ಅಂತಾನೇ ಇದ್ದೆ."

"ಸಾಲಿ ಜಗಲಿ ಮ್ಯಾಲೆ ನಾ ಬೆರಳಿಟ್ಟು ತೋರಿಸಿದಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಚೈತ್ರ.

"ಹದಿನೆಂಟು ವರ್ಷ ಆತ್ರಿ, ಲಕ್ಕವ್ವ ಅಂತ ನಾ ಯಾರಿಗೂ ಹೇಳಿದ್ದಿಲ್ಲ. ನನ್ನ ಮಗಳಿಗೂ ಗೊತ್ತಿಲ್ಲ. ನಿಮಗ ಹೇಳಿದ್ದೆ." ಅವಳು ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟಳು. ಕೂಗಲಿಲ್ಲ, ಅಳಲಿಲ್ಲ. "ನಮ್ಮ ಲಗ್ನಪತ್ರಿಕಿ ಕೊಟ್ಟಬಿಡ್ರಿ. ಹದಿನೇಳೂ. ನಾಳೆ ಹೆಂಗರ ನಾವ ಹೋಗಿ ನಿಂದರತೀವಿ."

"ಕೊಟ್ಬುಡವ್ವ," ಎಂದರು ಗೌರಮ್ಮ. ಹಸಿರು ಬಟ್ಟೆ ಅವರ ಮುಷ್ಟಿಯಲ್ಲಿತ್ತು. "ಅದನ್ನ ಇವಳ ಕೈಗೆ ಕೊಟ್ಟು, ಈ ಕಣ ಕೊಟ್ಟೋರ ಹೆಸರು ನನ್ ಮುಂದೆ ಹೇಳು. ಎರಡೂ ಆದ್ರೆ ನಾಳೆ ಬರ್ತೀನಿ. ಇಲ್ದಿದ್ರೆ, ನನ್ ಹತ್ರ ಸಹಿ ಹಾಕಿಸ್ಕೊಂಡೋಳು ನೀನೇ ಅಂತ ಅಲ್ಲೇ ಬಂದು ಹೇಳ್ತೀನಿ."

ಚೈತ್ರ ಎದ್ದು ನಿಂತಳು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಜಯನಗರದ ಕಚೇರಿ ಆರಕ್ಕೆ ಮುಚ್ಚುತ್ತದೆ. ಬೀರುವಿನ ಮೇಲಿನ ಅರೆ, ಎಡಗಡೆ, ರಟ್ಟಿನ ಡಬ್ಬಿ. ಹದಿನೇಳು ಪತ್ರಿಕೆ. ಒಂದಕ್ಕೂ ಎರಡನೇ ಪ್ರತಿ ಇಲ್ಲ.

ಬೀರುವಿಗೆ ಒಂದೇ ಬೀಗದಕೈ. ಅದು ಮಧುಮತಿಯವರ ಸೊಂಟದಲ್ಲಿ.

ಆ ಕಣ ಗೌರಮ್ಮನ ಕೈಯಿಂದ ನೇರವಾಗಿ ಮಧುಮತಿಯವರಿಗೆ ಹೋಯಿತೋ, ನಡುವೆ ಇನ್ನೆಷ್ಟು ಮಡಿಲು ದಾಟಿತೋ, ಗೊತ್ತಿಲ್ಲ. ಹದಿನೇಳು ಹೆಂಗಸರ ವೋಟು ಯಾರಿಗೆ ಅಷ್ಟು ಭಾರವಾಯಿತು, ಅದೂ ಗೊತ್ತಿಲ್ಲ. ಚೈತ್ರ ಮೆಟ್ಟಿಲಿಳಿದು ರಸ್ತೆಗೆ ಬಂದು ಆಟೋಗೆ ಕೈ ಅಡ್ಡ ಹಿಡಿದಾಗ, ಆ ಬೀರುವಿನಲ್ಲಿ ಪತ್ರಿಕೆಗಳು ಇನ್ನೂ ಇದ್ದವೋ ಇಲ್ಲವೋ ಎಂಬುದು ಅವಳಿಗೂ ತಿಳಿದಿರಲಿಲ್ಲ.